ಲಚ್ಚಿಗೊಂದು ದಾಖಲೆಯ ಹೆಸರು

ನನ್ನ ಮಗಳಿಗೆ ನಾಮಕರಣಕ್ಕೆ ಮೊದಲೇ ಹೆಸರು ಬಂದಿತ್ತು. ಆಸ್ಪತ್ರೆಯಿಂದ ತವರಿಗೆ ಬಂದ ದಿನ ಬಾಗಿಲಲ್ಲಿ ಆರತಿ ಎತ್ತಿ ಒಳಗೆ ಕರೆದುಕೊಂಡ ಮೇಲೆ, ಅಜ್ಜಿ ಹತ್ತಿರ ಬಂದು ಹೊದಿಸಿದ್ದ ಹಳೆಯ ಸೀರೆಯ ತುಂಡನ್ನು ಒಂದು ಬೆರಳಿನಿಂದ ಸರಿಸಿ, ಮಗುವಿನ ಮುಖವನ್ನು ಬಹಳ ಹೊತ್ತು ನೋಡಿ, “ನಮ್ ಲಚ್ಚಿ ಬಂದ್ಲು ಕಣೇ” ಎಂದರು. ಲಚ್ಚಿ ಅವರ ಅಕ್ಕ. ತಾಯಿಯಿಲ್ಲದ ತಂಗಿಯರನ್ನು ಸಾಕಿ, ಓದಿಸಿ, ಮದುವೆ ಮಾಡಿದವರು. ಅಂದಿನಿಂದ ಎಣ್ಣೆ ತಿಕ್ಕಿ ನೀರು ಹಾಕುವಾಗ, ತಲೆಗೆ ಸಾಂಬ್ರಾಣಿ ಹೊಗೆ ಕೊಡುವಾಗ, ರಾತ್ರಿ ತೊಟ್ಟಿಲು ತೂಗುವಾಗ ಎಲ್ಲರ ಬಾಯಲ್ಲೂ ಅದೊಂದೇ ಹೆಸರು. ದಾಖಲೆಗೆ ಯಾವ ಹೆಸರು ಕೊಟ್ಟರೆ ಈ ಹೆಸರು ಉಳಿಯುತ್ತದೆ ಎಂಬುದಷ್ಟೇ ನಮ್ಮ ಮುಂದಿದ್ದ ಪ್ರಶ್ನೆ.

ನಾನು ಇದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಂಡದ್ದಕ್ಕೆ ಕಾರಣವಿದೆ. ನನ್ನ ಚಿಕ್ಕಪ್ಪನನ್ನು ಊರೆಲ್ಲ ಸೀನ ಎಂದೇ ಕರೆಯುತ್ತಿತ್ತು. ಶಾಲೆಗೆ ಸೇರಿಸುವ ದಿನ ಮೇಷ್ಟರು ತಮಗೆ ಇಷ್ಟವಾದ ರವೀಂದ್ರನಾಥ ಎಂಬ ಹೆಸರನ್ನು ದಾಖಲಾತಿ ಪುಸ್ತಕದಲ್ಲಿ ಬರೆದುಕೊಂಡರು. ಆ ಕಾಲದಲ್ಲಿ ಮೇಷ್ಟರು ಬರೆದ ಹೆಸರು, ಅವರು ಬರೆದ ಹುಟ್ಟಿದ ತಾರೀಖು ಎರಡೂ ಹಾಗೆಯೇ ಜೀವನವಿಡೀ ಉಳಿದುಬಿಡುತ್ತಿದ್ದವು. ಚಿಕ್ಕಪ್ಪನ ಮದುವೆಯ ಲಗ್ನಪತ್ರಿಕೆಯಲ್ಲಿ ‘ಚಿ. ರವೀಂದ್ರನಾಥ’ ಎಂದಷ್ಟೇ ಅಚ್ಚಾಗಿದ್ದರಿಂದ, ಪಕ್ಕದ ಬೀದಿಯವರೇ ಬಂದು ಇದು ಯಾರ ಮದುವೆ ಎಂದು ಕೇಳಿದರಂತೆ. ಸೀನ ಎಂಬುದು ಶ್ರೀನಿವಾಸನಿಂದ ಬಂದದ್ದು. ಆ ಹೆಸರಿಗೂ ರವೀಂದ್ರನಾಥನಿಗೂ ಯಾವ ನಂಟೂ ಇಲ್ಲ. ಕಚೇರಿಯವರು ಬಂದು ಕರೆದಾಗ ಅವರು ಓಗೊಡಲು ಒಂದು ಕ್ಷಣ ತಡವಾಗುತ್ತಿದ್ದುದನ್ನು ನಾನು ಚಿಕ್ಕವಳಿದ್ದಾಗಲೇ ಗಮನಿಸಿದ್ದೆ. ನನ್ನ ಮಗಳಿಗೆ ಆ ಒಂದು ಕ್ಷಣ ಬೇಡವೆನ್ನಿಸಿತ್ತು.

ನಮ್ಮ ಹಿರಿಯರ ಕರೆಯುವ ಹೆಸರುಗಳನ್ನು ನೋಡಿದರೆ ಅವುಗಳ ಹಿಂದೆ ಒಂದು ಕ್ರಮವಿರುವುದು ತಿಳಿಯುತ್ತದೆ. ನಾರಾಯಣ ನಾಣಿಯಾಗುತ್ತಾನೆ, ಸುಬ್ರಹ್ಮಣ್ಯ ಸುಬ್ಬನಾಗುತ್ತಾನೆ, ಪದ್ಮಾವತಿ ಪದ್ದಿಯಾಗುತ್ತಾಳೆ. ಕೃಷ್ಣನನ್ನು ಕಿಟ್ಟಿಯನ್ನಾಗಿ ಮಾಡಿದ ನಾಲಿಗೆಯೇ ವಿಷ್ಣುವನ್ನು ಬಿಟ್ಟಿಯನ್ನಾಗಿ ಮಾಡಿದೆ. ಹೊಯ್ಸಳ ದೊರೆ ಬಿಟ್ಟಿದೇವನು ರಾಮಾನುಜಾಚಾರ್ಯರ ಶಿಷ್ಯನಾದ ಮೇಲೆ ವಿಷ್ಣುವರ್ಧನನೆಂದು ಹೆಸರು ಬದಲಿಸಿಕೊಂಡ ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಆದರೆ ಬಿಟ್ಟಿ ಎಂಬುದೇ ವಿಷ್ಣುವಿನ ತದ್ಭವ ಎಂದು ತಿಳಿದ ಮೇಲೆ ಅವು ಎರಡು ಬೇರೆ ಹೆಸರುಗಳೆಂದು ನನಗೆ ಅನ್ನಿಸುವುದೇ ಇಲ್ಲ. ಅವನ ದಂಡನಾಯಕ ಗಂಗರಾಜನ ಮಡದಿ ಲಕ್ಷ್ಮೀಮತಿಯನ್ನು ಶ್ರವಣಬೆಳಗೊಳದ ಶಾಸನಗಳು ಲಕ್ಕಲೆ ಎಂದೂ ಕರೆಯುತ್ತವೆ. ಕಲ್ಲಿನಲ್ಲಿ ಕೆತ್ತಿಸುವಾಗಲೂ ಆ ಆಪ್ತ ಹೆಸರನ್ನು ಬಿಡಬೇಕೆಂದು ಯಾರಿಗೂ ತೋರಲಿಲ್ಲವೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಲಕ್ಷ್ಮಿಯೊಳಗಿನ ‘ಕ್ಷ’ ಕನ್ನಡದ ಬಾಯಲ್ಲಿ ಒಮ್ಮೆ ‘ಕ್ಕ’ ಆಗಿ ಲಕ್ಕಲೆ, ಲಕ್ಕಮ್ಮ ಎನ್ನಿಸಿಕೊಂಡರೆ, ಇನ್ನೊಮ್ಮೆ ‘ಚ್ಚ’ ಆಗಿ ಲಚ್ಚಿಯಾಗುತ್ತದೆ.

ಹಾಗಿದ್ದರೆ ಕರೆಯುವ ಹೆಸರನ್ನೇ ದಾಖಲೆಗೆ ಬರೆಸಬಾರದೇಕೆ ಎಂದು ನನ್ನ ಗಂಡ ಕೇಳಿದರು. ಕನ್ನಡದಲ್ಲಿ ಅದಕ್ಕೇನೂ ಅಡ್ಡಿಯಿಲ್ಲ. ಮುದ್ದಿನ ‘ಪುಟ್ಟ’ನಿಗೆ ‘ಅಪ್ಪ’ ಸೇರಿದರೆ ಪುಟ್ಟಪ್ಪ, ‘ಗುಂಡ’ನಿಗೆ ಸೇರಿದರೆ ಗುಂಡಪ್ಪ, ಕುಪ್ಪಳಿಯ ಪುಟ್ಟಪ್ಪನವರೂ ದೇವನಹಳ್ಳಿಯ ಗುಂಡಪ್ಪನವರೂ ಆ ಹೆಸರುಗಳನ್ನು ಎಷ್ಟು ಎತ್ತರಕ್ಕೆ ಒಯ್ದರೆಂಬುದನ್ನು ನಾನು ಹೇಳಬೇಕಾಗಿಲ್ಲ. ಲಚ್ಚಮ್ಮ ಎಂದು ಬರೆಸುವ ಆಸೆ ನನಗೂ ಎರಡು ದಿನ ಇತ್ತು. ಆದರೆ ಹಾಜರಿ ಕೂಗುವವರು, ಬ್ಯಾಂಕಿನವರು, ಗುರುತಿಲ್ಲದ ಯಾರೋ ಫೋನು ಮಾಡಿದವರು ಎಲ್ಲರೂ ಲಚ್ಚಿ ಎಂದು ಕೂಗುವಂತಾದರೆ, ಎತ್ತಿ ಆಡಿಸಿದವರಿಗೆ ಮಾತ್ರ ಸಲ್ಲುವ ಸಲಿಗೆ ಅದರಲ್ಲಿ ಉಳಿಯುವುದಿಲ್ಲ. ಹೊರಗಿನವರಿಗೆ ಒಂದು ಹೆಸರು ಬೇಕು. ಅದು ಒಳಗಿನ ಹೆಸರಿನ ಮೂಲವೇ ಆಗಿರಬೇಕು.

ನಂತರ ಬಂದ ಸಲಹೆಗಳು ಹಲವು. ನಾದಿನಿ ಲಾಸ್ಯಾ, ಲಕ್ಷಿತಾ, ಲಕ್ಷ್ಯಾ ಎಂದು ಪಟ್ಟಿ ಕಳುಹಿಸಿದಳು. ಮೂರೂ ಕೇಳಲು ಇಂಪಾಗಿವೆ, ಆದರೆ ಮೊದಲಕ್ಷರ ಒಂದೇ ಆದರೆ ಸಾಲದು. ಲಾಸ್ಯಾ ಎಂದು ಹತ್ತು ವರ್ಷ ಕರೆದರೂ ಅದು ಲಚ್ಚಿಯಾಗಿ ಸವೆಯುವುದಿಲ್ಲ. ಪುರೋಹಿತರು, ಮಗು ಹುಟ್ಟಿದ್ದು ರೋಹಿಣಿ ನಕ್ಷತ್ರದಲ್ಲಿ, ಓ, ವಾ, ವೀ, ವೂ ಎಂಬ ಅಕ್ಷರಗಳಿಂದ ಹೆಸರು ಶುರುವಾದರೆ ಒಳ್ಳೆಯದು ಎಂದಾಗ, ವಿಜಯಲಕ್ಷ್ಮಿ ಎಂದಿಟ್ಟರೆ ಎರಡೂ ಕೂಡಿಬರುತ್ತವೆ ಎಂದು ಅತ್ತೆ ಸಂತೋಷಪಟ್ಟರು. ನನಗೂ ಸರಿಯೆನ್ನಿಸಿತು. ಆದರೆ ನನ್ನ ಜೊತೆ ಓದಿದ ವಿಜಯಲಕ್ಷ್ಮಿಯರನ್ನು ನೆನೆಸಿಕೊಂಡೆ; ಒಬ್ಬಳೂ ಲಚ್ಚಿಯಾಗಿರಲಿಲ್ಲ, ಎಲ್ಲರೂ ವಿಜಿಗಳೇ. ಉದ್ದನೆಯ ಹೆಸರನ್ನು ಗೆಳತಿಯರು ಮೊದಲ ತುದಿಯಿಂದ ಹಿಡಿದುಕೊಳ್ಳುತ್ತಾರೆ, ಹಿಂದಿನ ಭಾಗ ಹಾಜರಿ ಪುಸ್ತಕದಲ್ಲೇ ಉಳಿದುಹೋಗುತ್ತದೆ. ಕರೆಯುವ ಹೆಸರು ಉಳಿಯಬೇಕಾದರೆ ಅದು ಹುಟ್ಟಿದ ಪದವೇ ಮುಂದಿರಬೇಕೆಂದು ಅತ್ತೆಗೆ ಹೇಳಿದಾಗ, ತಾವು ವಿಶಾಲಾಕ್ಷಿಯಾಗಿದ್ದು ವಿಶಾಲು ಆದದ್ದನ್ನು ನೆನೆದು ಅವರೇ ಒಪ್ಪಿದರು.

ಕೊನೆಗೆ ಉಳಿದದ್ದು ಲಕ್ಷ್ಮಿ. ಹಿಂದೆ ಮುಂದೆ ಏನೂ ಇಲ್ಲದ, ಬರಿಯ ಲಕ್ಷ್ಮಿ. ಇದು ಹಳೆಯ ಕಾಲದ ಹೆಸರು, ತರಗತಿಯಲ್ಲಿ ಇನ್ನಿಬ್ಬರಿಗೆ ಇದ್ದರೆ ಏನು ಮಾಡುತ್ತೀಯೆ ಎಂದು ಕೇಳಿದವರುಂಟು. ತಂದೆಯ ಹೆಸರಿನ ಮೊದಲಕ್ಷರ ಅದಕ್ಕಾಗಿಯೇ ಇದೆ.

ನಾಮಕರಣದ ದಿನ ನಕ್ಷತ್ರಕ್ಕೆ ಸಲ್ಲಬೇಕಾದದ್ದನ್ನು ನಕ್ಷತ್ರಕ್ಕೇ ಸಲ್ಲಿಸಿದೆವು. ವಾಗ್ದೇವಿ ಎಂಬುದು ಸಂಕಲ್ಪದ ಹೆಸರಾಯಿತು. ಹರಿವಾಣದಲ್ಲಿ ಹರಡಿದ ಅಕ್ಕಿಯ ಮೇಲೆ ನನ್ನ ಗಂಡ ಚಿನ್ನದ ಉಂಗುರದಿಂದ ವ್ಯವಹಾರದ ಹೆಸರನ್ನು ಬರೆದರು. ‘ಲ’ ಸುಲಭವಾಗಿ ಬಂದಿತು. ‘ಕ್ಷ್ಮಿ’ಯ ಒತ್ತುಗಳ ಹತ್ತಿರ ಅಕ್ಕಿ ಜಾರಿ ಗೆರೆ ಮುಚ್ಚಿಹೋಗುತ್ತಿತ್ತು, ಮೂರು ಸಲ ಅಳಿಸಿ ಬರೆದ ಮೇಲೆ ಓದಲು ಬರುವಂತಾಯಿತು. ಸೋದರತ್ತೆ ಬಲಗಿವಿಯಲ್ಲಿ ಹೆಸರು ಹೇಳಿದಾಗ ಮಗು ಮಲಗಿಯೇ ಇತ್ತು.

ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಆದರೆ ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು ಎಂಬುದು ಅವಸರಪಡುವ ತಂದೆತಾಯಿಗಳಿಗೆ ತಿಳಿದಿರಬೇಕು. ನಾವು ಮೊದಲು ಹೆಸರಿಲ್ಲದ ಪ್ರಮಾಣಪತ್ರವನ್ನೇ ಪಡೆದು, ಯೋಚಿಸಲು ಅವಕಾಶ ಮಾಡಿಕೊಂಡೆವು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಹುಟ್ಟಿದ ತಾರೀಖಿಗೂ ಸ್ಥಳಕ್ಕೂ ಆ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಅಚ್ಚಾದ ಹೆಸರೇ ಮುಂದೆ ಎಲ್ಲ ಕಡೆ ನಡೆಯುತ್ತದೆ. ಹಾಗಾಗಿ ಇಂಗ್ಲಿಷಿನಲ್ಲಿ ‘ಕೆ, ಎಸ್, ಎಚ್’ ಬರೆಸುವುದೋ ‘ಎಕ್ಸ್’ ಬರೆಸುವುದೋ ಎಂದು ಮನೆಯಲ್ಲೇ ತೀರ್ಮಾನಿಸಿ, ಚೀಟಿಯಲ್ಲಿ ಬರೆದುಕೊಂಡು ಹೋದೆವು. ಆದರೂ ಕಂಪ್ಯೂಟರಿನ ಮುಂದಿದ್ದವರು ಕನ್ನಡದಲ್ಲಿ ‘ಲಕ್ಷ್ಮೀ’ ಎಂದು ದೀರ್ಘ ಹಾಕಿದ್ದರು. ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದ್ದರಿಂದ ಅಲ್ಲೇ ತಿದ್ದಿಸಿದೆವು.

ಮನೆಗೆ ಬಂದು ಪ್ರಮಾಣಪತ್ರವನ್ನು ಅಜ್ಜಿಯ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಹೆಸರಿನ ಮೇಲೆ ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದಿದರು. ಆಮೇಲೆ ತೊಟ್ಟಿಲ ಕಡೆ ತಿರುಗಿ, “ಲಚ್ಚೀ, ಅಕ್ಕನ್ ಹೆಸ್ರೇ ಬರ್ಸವ್ರೆ ನೋಡೇ” ಎಂದರು.