ಮದುವೆ ಫೋಟೋ ಚೊಲೊ ಬರಬೇಕಂದ್ರ ಏನ್ ಮಾಡಬೇಕ್ರಿ?

ವಿಜಯಪುರದಲ್ಲಿ ಮದುವೆ ಫೋಟೋ ತೆಗೆಯುವುದು ನನ್ನ ಕೆಲಸ. ಬುಕ್ ಮಾಡೋಕೆ ಬಂದವರೆಲ್ಲ ಈ ಪ್ರಶ್ನೆ ಕೇಳುತ್ತಾರೆ. ಆದರೆ ಉತ್ತರಕ್ಕೆ ಕಾಯುವುದಿಲ್ಲ. ‘ಕ್ಯಾಮೆರಾ ಯಾವ್ದೈತ್ರಿ? ಡ್ರೋನ್ ಹಾರಸ್ತೀರಿಲ್ಲೋ?’ ಅಂತ ಮುಂದಕ್ಕೆ ಹೋಗಿಬಿಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಫೋಟೋ ಚೆಂದ ಬರಬೇಕಾದರೆ ನೀವೂ ಒಂದಿಷ್ಟು ಮಾಡಬೇಕು.

ಮೊದಲು ಟೈಮ್ ಕೊಡಿ. ಮುಹೂರ್ತ 12.35ಕ್ಕೆ, ಮೇಕಪ್ ಮುಗಿಯೋದು 12.20ಕ್ಕೆ. ನಿಮ್ಮಿಬ್ಬರನ್ನು ನಿಲ್ಲಿಸಿ ಫೋಟೋ ತೆಗೆಯೋದು ಯಾವಾಗ? ಬೆಳಿಗ್ಗೆ ಬಿಸಿಲೇರುವ ಮೊದಲು, ಇಲ್ಲವೇ ಸಂಜೆ ಐದೂವರೆ ಮೇಲೆ ಅರ್ಧ ಗಂಟೆ ನನಗೆ ಬಿಡಿ. ಆ ಅರ್ಧ ಗಂಟೆ ಬೀಗರು ಕರೆದರೂ ಏಳಬೇಡಿ.

ಮನೆ ಮುಂದೆ ಹಂದರ ಹಾಕಿಸುವವರು ಬಟ್ಟೆಯ ಬಣ್ಣ ನೋಡಿ. ಕೆಂಪು ಬಟ್ಟೆ ಮೇಲೆ ಮೇ ತಿಂಗಳ ಬಿಸಿಲು ಬಿದ್ದರೆ ಕೆಳಗೆ ಕೂತವರ ಮುಖವೆಲ್ಲ ಕೆಂಪು. ಹಚ್ಚಿದ ಅರಿಶಿನವೂ ಅರಿಶಿನದ ಹಾಗೆ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಮುಖ ಸರಿ ಮಾಡಲು ಹೋದರೆ ಸೀರೆಯ ಬಣ್ಣ ಕೆಡುತ್ತದೆ. ಮದುಮಕ್ಕಳು ಕೂರುವ ಜಾಗದ ಮೇಲಾದರೂ ಬಿಳಿ ಬಟ್ಟೆ ಕಟ್ಟಿಸಿ. ಮಂಗಲ ಕಾರ್ಯಾಲಯವಾದರೆ ತಾಳಿ ಕಟ್ಟುವ ಹೊತ್ತಿಗೆ ನೀಲಿ ಲೈಟು ಆರಿಸಲು ಹೇಳಿ. ನೀಲಿ ಬೆಳಕಿನಲ್ಲಿ ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪಾಗಿ ಕಾಣುತ್ತದೆ.

ಅಕ್ಕಿಕಾಳು ಬೀಳುವಾಗ ಮೊಬೈಲ್ ಹಿಡಿದು ಸ್ಟೇಜ್ ಹತ್ತುವ ಹುಡುಗರನ್ನು ತಡೆಯೋಕೆ ಸೋದರಮಾವನಿಗೆ ಹೇಳಿಡಿ. ನಾನು ಹೇಳಿದರೆ ಜಗಳ. ಮಾವ ಗದರಿದರೆ ಸುಮ್ನೆ ಇಳಿಯುತ್ತಾರೆ.

ಇನ್ನು ಗೋಳಗುಮ್ಮಟ. ಮದುವೆಗೆ ಮುಂಚಿನ ಫೋಟೋಗೆ ಎಲ್ಲರಿಗೂ ಅದೇ ಬೇಕು. ಅದು ಸುಮಾರು 51 ಮೀಟರ್ ಎತ್ತರದ ಕಟ್ಟಡ. ಪೂರ್ತಿ ಹಿಡಿದರೆ ನೀವಿಬ್ಬರು ಅದರ ಮುಂದೆ ಕಡ್ಡಿಯಷ್ಟು ಕಾಣುತ್ತೀರಿ. ನನ್ನ ಕೇಳಿದರೆ ಬಾರಾ ಕಮಾನ್ ಒಳ್ಳೆಯದು. ಎರಡನೇ ಅಲಿ ಆದಿಲ್‌ಶಾಹನ ಗೋರಿ ಅದು, ಅರ್ಧಕ್ಕೇ ನಿಂತದ್ದು. ಮೇಲೆ ಚಾವಣಿ ಇಲ್ಲ. ಸಂಜೆ ಬಿಸಿಲು ಕಪ್ಪು ಕಲ್ಲಿನ ಕಮಾನುಗಳ ನಡುವೆ ಅಡ್ಡಲಾಗಿ ಬಂದು ಮುಖದ ಮೇಲೆ ಬೀಳುತ್ತದೆ.

ನೀವು ಕೇಳಿದ್ದಕ್ಕೆ ಉತ್ತರ ಇಷ್ಟೇ. ‘ಯಾರ ಫೋಟೋ ತಪ್ಪಬಾರದು?’ ಅಂತ ಮಾತ್ರ ಯಾರೂ ಮಾತಾಡುವುದಿಲ್ಲ. ನನಗೆ ಬೇಕಾದದ್ದು ಆ ಮಾತು.

ಕೆಲವು ವರ್ಷಗಳ ಹಿಂದೆ ಇಂಡಿ ಕಡೆ ಒಂದು ಮದುವೆ. ಮದುಮಗಳಿಗೆ ತಂದೆ ಇರಲಿಲ್ಲ. ಧಾರೆ ಎರೆದವರು ಕಾಕಾ, ಕಾಕು. ನಾನು ಬೆಳಗಿನಿಂದ ಸ್ಟೇಜ್ ಬಿಟ್ಟು ಕದಲಲಿಲ್ಲ. ಇಪ್ಪತ್ತು ದಿನದ ಮೇಲೆ ಹುಡುಗಿ ಆಲ್ಬಮ್‌ಗೆ ಫೋಟೋ ಆರಿಸಲು ಬಂದಳು. ಸಾವಿರಕ್ಕೂ ಜಾಸ್ತಿ ಫೋಟೋ. ಎಲ್ಲ ನೋಡಿ, ‘ಅಣ್ಣಾ, ಅವ್ವಂದ ಒಂದೂ ಇಲ್ಲೇನ್ರಿ?’ ಅಂದಳು.

ಇರಲಿಲ್ಲ. ಗಂಡ ತೀರಿಕೊಂಡ ಹೆಣ್ಣುಮಗಳು ಶುಭಕಾರ್ಯದಲ್ಲಿ ಮುಂದೆ ನಿಲ್ಲಬಾರದು ಅನ್ನುವ ಪದ್ಧತಿ ನಮ್ಮ ಕಡೆ ಇನ್ನೂ ಹೋಗಿಲ್ಲ. ನನಗೆ ಅದು ಯಾವತ್ತೂ ಸರಿ ಕಂಡಿಲ್ಲ. ಆದರೆ ಅವತ್ತು ಆಕೆ ಎಲ್ಲಿದ್ದಾರೆ ಅಂತ ನಾನೂ ನೋಡಲಿಲ್ಲ.

ಮತ್ತೆ ಮೊದಲಿನಿಂದ ಹುಡುಕಿದೆವು. ಅಕ್ಕಿಕಾಳು ಬೀಳುವ ಒಂದು ಫೋಟೋದ ಅಂಚಿನಲ್ಲಿ, ಕಂಬದ ಹಿಂದಿನಿಂದ ಒಂದು ಮುಷ್ಟಿ ಚಾಚಿತ್ತು. ಬೆರಳ ಸಂದಿಯಲ್ಲಿ ಹಳದಿ ಅಕ್ಕಿ. ಉಗುರಿನ ಹತ್ತಿರ ಕುಡುಗೋಲು ತಾಗಿದ ಹಳೇ ಗಾಯದ ಗುರುತು. ಹುಡುಗಿ ಅದರ ಮೇಲೆ ಬೆರಳಿಟ್ಟು, ‘ಇದು ಅವ್ವನ ಕೈ’ ಅಂದಳು. ಆ ಫೋಟೋವನ್ನು ಒಂದು ಪುಟದ ತುಂಬ ಹಾಕಿಸಿಕೊಂಡಳು.

ಅವತ್ತಿನಿಂದ ಬುಕ್ ಮಾಡಲು ಬಂದವರನ್ನು ನಾನೇ ಕೇಳುತ್ತೇನೆ. ಸ್ಟೇಜ್ ಹತ್ತದವರು ಯಾರಿದ್ದಾರೆ, ಹೆಸರು ಬರೆದು ಕೊಡಿ. ಅರಿಶಿನದ ಗದ್ದಲ ಶುರುವಾಗುವ ಮುಂಚೆ ಮನೆಯ ಕಟ್ಟೆ ಮೇಲೆ ಅವರನ್ನು ಮಗಳ ಪಕ್ಕ ಕೂರಿಸುತ್ತೇನೆ. ಹತ್ತು ನಿಮಿಷ ಸಾಕು. ‘ನಂದ್ಯಾಕಪಾ, ಬ್ಯಾಡ’ ಅಂತ ಏಳೋಕೆ ಹೋಗುತ್ತಾರೆ. ಆಗ ನಾನು ಹೇಳಿದರೆ ಕೇಳುವುದಿಲ್ಲ. ನೀವೇ ಕೈ ಹಿಡಿದು ಕೂರಿಸಬೇಕು.