ಘಮಘಮ ಅನ್ನೋ ಗ್ರೀಕ್ ವೈಟ್ ವೈನ್ ಹುಡ್ಕೊಂಡು ಹೋಗೋರಿಗೆ: ಮಾಂಟಿನಿಯಾದಿಂದ ಎಪಾನೊಮಿವರೆಗೆ

ಗ್ರೀಸಲ್ಲಿ ವೈನ್ ಕುಡೀಬೇಕು ಅಂದ್ರೆ ನಮ್ಮೋರು ಬಹಳಷ್ಟು ಜನ ಸೀದಾ ಸ್ಯಾಂಟೊರಿನಿಗೆ ಟಿಕೆಟ್ ಮಾಡಿಸ್ತಾರೆ. ಅಲ್ಲಿಯ ಅಸ್ಸಿರ್ಟಿಕೊ ದೊಡ್ಡ ವೈನೇ, ಎರಡು ಮಾತಿಲ್ಲ, ಆದ್ರೆ ಅದು ಹುಳಿ, ಉಪ್ಪು, ಜ್ವಾಲಾಮುಖಿ ಮಣ್ಣಿನ ವೈನು, ಮೂಗಿಗಿಂತ ನಾಲಿಗೆಗೇ ಜಾಸ್ತಿ ಕೆಲಸ. ಗ್ಲಾಸ್ ಎತ್ತಿದ ತಕ್ಷಣ ಹೂವಿನ ಪರಿಮಳ ಬರ್ಬೇಕು ಅನ್ನೋ ಆಸೆ ಇರೋರು ದ್ವೀಪ ಬಿಟ್ಟು ಮೇನ್‌ಲ್ಯಾಂಡಿಗೆ ಬನ್ನಿ, ಮಾಂಟಿನಿಯಾದ ಮೊಸ್ಕೊಫಿಲೆರೊ ಮತ್ತೆ ಉತ್ತರದ ಥೆಸಲೊನಿಕಿ ಹತ್ರದ ಮಲಗುಝಿಯಾ, ಈ ಎರಡು ದ್ರಾಕ್ಷಿಗಳ ವೈನಿಗೆ ಅಂತಾನೇ ಪ್ಲಾನ್ ಮಾಡಿ ಅಂತ ನಾನು ಕಂಡೋರಿಗೆಲ್ಲ ಹೇಳ್ತಾ ಇರ್ತೀನಿ.

ಮೊದಲು ಮಾಂಟಿನಿಯಾ, ಟ್ರಿಪೊಲಿ ಅನ್ನೋ ಊರಿನ ಪಕ್ಕದ ವೈನ್ ಪ್ರದೇಶ. ಅಥೆನ್ಸಿಂದ ಟ್ರಿಪೊಲಿ ಊರಿಗೆ ಸುಮಾರು 160 ಕಿಲೋಮೀಟರ್, ಕೊರಿಂತ್ ದಾಟಿ ಟೋಲ್ ರೋಡಲ್ಲಿ ಹೋದ್ರೆ ಎರಡು ಗಂಟೆ ಚಿಲ್ಲರೆ. ಬಸ್ಸಲ್ಲಿ ಹೋಗೋರಿಗೆ ಕಿಫಿಸೊಸ್ ಬಸ್ ಸ್ಟ್ಯಾಂಡಿಂದ ಕೆಟಿಇಎಲ್ ಅನ್ನೋ ಊರೂರು ಓಡಾಡೋ ಬಸ್ ಇದೆ, ಆದ್ರೆ ವೈನರಿಗಳು ಊರಾಚೆ ತೋಟಗಳ ಮಧ್ಯೆ ಇರೋದ್ರಿಂದ ಟ್ರಿಪೊಲಿಯಲ್ಲಿ ಇಳಿದು ಟ್ಯಾಕ್ಸಿ ಮಾಡ್ಲೇಬೇಕು, ಬೆಳಿಗ್ಗೇನೇ ಮಾತಾಡಿ ವಾಪಸ್ ಬರೋದಕ್ಕೂ ಸೇರಿಸಿ ರೇಟ್ ಕೇಳ್ಕೊಳ್ಳಿ. ಜಾಗ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಬಯಲು, ಸುತ್ತ ಬೆಟ್ಟ. ಎತ್ತರದ ಲೆಕ್ಕದಲ್ಲಿ ಬೆಂಗಳೂರಿಗಿಂತ ಕೆಳಗೇ, ಆದ್ರೆ ಚಳಿಗಾಲದಲ್ಲಿ ಹಿಮ ಬೀಳುತ್ತೆ, ಬೇಸಿಗೇಲೂ ರಾತ್ರಿ ತಣ್ಣಗಿರುತ್ತೆ, ಒಂದು ಸ್ವೆಟರ್ ಇಟ್ಕೊಳ್ಳಿ. ಇಲ್ಲಿಯ ವೈನಿನ ಗುಟ್ಟು ಈ ತಂಪೇ. ಮೊಸ್ಕೊಫಿಲೆರೊ ದ್ರಾಕ್ಷಿ ನಿಧಾನಕ್ಕೆ ಹಣ್ಣಾಗುತ್ತೆ, ಸೆಪ್ಟೆಂಬರ್ ಕೊನೆ, ಕೆಲವು ವರ್ಷ ಅಕ್ಟೋಬರಿಗೂ ಹೋಗುತ್ತೆ ಕೊಯ್ಲು, ಅಷ್ಟರೊಳಗೆ ಹುಳಿಯೂ ಉಳ್ಕೊಂಡಿರುತ್ತೆ, ಸಿಪ್ಪೆಯಲ್ಲಿ ಪರಿಮಳವೂ ತುಂಬ್ಕೊಂಡಿರುತ್ತೆ.

ಸಿಪ್ಪೆ ಅಂದೆ ನೋಡಿ, ವೈಟ್ ವೈನ್ ಕೊಡೋ ಈ ದ್ರಾಕ್ಷಿಯ ಸಿಪ್ಪೆ ಬೂದುಗೆಂಪು ಬಣ್ಣ. ಘಮ ಕೊಡೋ ಟರ್ಪೀನ್ ಅನ್ನೋ ಅಂಶಗಳು ಹೆಚ್ಚಾಗಿ ಸಿಪ್ಪೆಯಲ್ಲೇ ಇರೋದು, ಗುಲಾಬಿಯಲ್ಲಿರೋ ಜೆರಾನಿಯೋಲ್, ಕೊತ್ತಂಬರಿ ಬೀಜದಲ್ಲಿರೋ ಲಿನಲೂಲ್ ಎಲ್ಲ ಇದೇ ಗುಂಪಿನವು. ಅದಕ್ಕೇ ಕೆಲವು ವೈನರಿಯೋರು ರಸ ಹಿಂಡೋ ಮುಂಚೆ ಕೆಲವು ಗಂಟೆ ತಣ್ಣಗಿನ ಟ್ಯಾಂಕಲ್ಲಿ ಸಿಪ್ಪೆ ಜೊತೆ ಬಿಡ್ತಾರೆ, ಆಗ ವೈನಿಗೆ ಒಂಚೂರು ಗುಲಾಬಿ ಛಾಯೆ ಬರುತ್ತೆ. ಟೇಸ್ಟಿಂಗಲ್ಲಿ ಇದನ್ನ ಕೇಳಿ, ಇದು ಸಿಪ್ಪೆ ಜೊತೆ ಇಟ್ಟಿದ್ದಾ ಇಲ್ವಾ ಅಂತ, ಎರಡೂ ತರದ್ದು ಇದ್ರೆ ಪಕ್ಕಪಕ್ಕ ಇಟ್ಟು ಮೂಸಿ ನೋಡಿ. ಗುಲಾಬಿ, ಕಿತ್ತಳೆ ಹೂವು, ನಿಂಬೆ ಸಿಪ್ಪೆ, ಇಷ್ಟು ಸ್ಪಷ್ಟವಾಗಿ ಸಿಗುತ್ತೆ, ವೈನ್ ಬಗ್ಗೆ ಏನೂ ಗೊತ್ತಿಲ್ದೇ ಇರೋರಿಗೂ. ಆಲ್ಕೋಹಾಲ್ ಸಾಮಾನ್ಯವಾಗಿ 11-12 ಪರ್ಸೆಂಟ್ ಅಷ್ಟೇ. ಲೇಬಲ್ ಮೇಲೆ ಮಾಂಟಿನಿಯಾ ಅಂತ ಹಾಕ್ಬೇಕಾದ್ರೆ ಕನಿಷ್ಠ 85 ಪರ್ಸೆಂಟ್ ಮೊಸ್ಕೊಫಿಲೆರೊ ಇರ್ಲೇಬೇಕು ಅಂತ ರೂಲ್ ಇದೆ, ಹಾಗಾಗಿ ಅಂಗಡೀಲಿ ತಗೊಳ್ಳುವಾಗ ಆ ಹೆಸರು ನೋಡಿ. ಟ್ಸೆಲೆಪೊಸ್ ವೈನರಿಯವರು ಇದೇ ದ್ರಾಕ್ಷಿಯಿಂದ ಶಾಂಪೇನ್ ಪದ್ಧತಿಯಲ್ಲಿ ಅಮಾಲಿಯಾ ಅಂತ ಗುಳ್ಳೆ ಬರೋ ಸ್ಪಾರ್ಕ್ಲಿಂಗ್ ವೈನ್ ಮಾಡ್ತಾರೆ, ಸಿಕ್ಕಿದ್ರೆ ಬಿಡ್ಬೇಡಿ.

ಕಾರ್ ಬಾಡಿಗೆ ತಗೊಳ್ಳೋರು ಒಂದು ಮಾತು ಕೇಳಿ. ಗ್ರೀಸಲ್ಲಿ ರಕ್ತದ ಆಲ್ಕೋಹಾಲ್ ಮಿತಿ 100 ಮಿಲಿಗೆ 50 ಮಿಲಿಗ್ರಾಂ, ನಮ್ಮಲ್ಲಿ 30, ಅಲ್ಲಿ ಸ್ವಲ್ಪ ಸಡಿಲ ಅಲ್ವಾ ಅಂತ ಲೆಕ್ಕ ಹಾಕೋಕೆ ದಯವಿಟ್ಟು ಹೋಗ್ಬೇಡಿ, ಬೆಟ್ಟದ ರೋಡು, ಎಡಗೈ ಸ್ಟೀರಿಂಗು, ಬಲಗಡೆ ಓಡಿಸೋದು, ಇದೆಲ್ಲ ನಮಗೆ ಹೊಸದು. ಒಬ್ರು ಕುಡೀದೇ ಇರಿ, ಇಲ್ಲಾಂದ್ರೆ ಉಗುಳೋಕೆ ಪಾತ್ರೆ ಕೊಡ್ತಾರೆ, ನಾಚ್ಕೋಬೇಡಿ, ಅಲ್ಲಿ ಎಲ್ಲರೂ ಉಗುಳ್ತಾರೆ, ಪರಿಮಳ ನೋಡೋಕೆ ನುಂಗಲೇಬೇಕು ಅಂತೇನಿಲ್ಲ.

ಹೋಗೋ ದಿನ ಸೆಂಟು ಹಾಕ್ಬೇಡಿ, ಮಲ್ಲಿಗೆ ಮುಡೀಬೇಡಿ, ಬಾಯಲ್ಲಿ ಅಡಿಕೆ ಏಲಕ್ಕಿ ಏನೂ ಬೇಡ. ಇನ್ನೊಂದು, ಗ್ಲಾಸ್ ಫ್ರಿಜ್ಜಿಂದ ತೆಗೆದ ಹಾಗೆ ಐಸ್ ತಣ್ಣಗಿದ್ರೆ ಘಮ ಮುಚ್ಕೊಂಡಿರುತ್ತೆ. ಅಂಗೈಲಿ ಬಟ್ಟಲು ಹಿಡ್ಕೊಂಡು ಒಂದೆರಡು ನಿಮಿಷ ಮಾತಾಡ್ತಾ ಇರಿ, 8-10 ಡಿಗ್ರಿಗೆ ಬಂದಾಗ ತಾನಾಗೇ ಅರಳುತ್ತೆ.

ಎರಡನೇದು ಮಲಗುಝಿಯಾ, ನಂಗೆ ಇದ್ರ ಮೇಲೆ ಇನ್ನೂ ಜಾಸ್ತಿ ಪ್ರೀತಿ. ಇದು ಹೆಚ್ಚುಕಮ್ಮಿ ಮಾಯ ಆಗೋಗಿದ್ದ ದ್ರಾಕ್ಷಿ. ಪಶ್ಚಿಮ ಗ್ರೀಸ್ ಕಡೆ ಅಲ್ಲೊಂದು ಇಲ್ಲೊಂದು ಬಳ್ಳಿ ಉಳಿದಿತ್ತು, 1970ರ ದಶಕದಲ್ಲಿ ಪ್ರೊಫೆಸರ್ ವಸಿಲಿಸ್ ಲೊಗೊಥೆಟಿಸ್ ಅದನ್ನ ಗುರುತಿಸಿದ್ರು, ಹಾಲ್ಕಿಡಿಕಿಯ ಪೊರ್ಟೊ ಕಾರಸ್ ಎಸ್ಟೇಟಲ್ಲಿ ಆಗ ವೈನ್ ಮಾಡ್ತಿದ್ದ ವಾಂಗೆಲಿಸ್ ಗೆರೊವಸಿಲಿಯು ಅದ್ರಿಂದ ವೈನ್ ಮಾಡಿ ನೋಡಿದ್ರು, ಆಮೇಲೆ ತಮ್ಮ ಊರು ಎಪಾನೊಮಿಯ ಸ್ವಂತ ತೋಟದಲ್ಲೂ ಬೆಳೆಸಿದ್ರು. ಈಗ ಗ್ರೀಸ್ ಪೂರ್ತಿ ಬೆಳೀತಾರೆ. ಒಂದು ತಳಿ ಹೀಗೆ ಕೆಲವರ ಹಠದಿಂದ ವಾಪಸ್ ಬಂದಿದ್ದನ್ನ ಅದೇ ತೋಟದಲ್ಲಿ ನಿಂತು ಕುಡಿಯೋದಿದ್ಯಲ್ಲ, ಅದಕ್ಕೋಸ್ಕರನಾದ್ರೂ ಉತ್ತರಕ್ಕೆ ಹೋಗಿ. ಥೆಸಲೊನಿಕಿಯಿಂದ ಎಪಾನೊಮಿ ಸುಮಾರು 25-30 ಕಿಲೋಮೀಟರ್, ಅಥೆನ್ಸಿಂದ ಥೆಸಲೊನಿಕಿಗೆ ಫ್ಲೈಟ್ ಒಂದು ಗಂಟೆಯೊಳಗೆ. ಗೆರೊವಸಿಲಿಯು ವೈನರಿಯಲ್ಲೇ ಮ್ಯೂಸಿಯಂ ಇದೆ, ಸಾವಿರಾರು ಹಳೇ ಕಾರ್ಕ್ ತೆಗೆಯೋ ಸ್ಕ್ರೂಗಳು, ವೈನ್ ಕುಡೀದ ಮನೆಯೋರಿಗೂ ಬೇಜಾರಾಗಲ್ಲ. ಮಲಗುಝಿಯಾದಲ್ಲಿ ಪೀಚು, ಮಲ್ಲಿಗೆ, ಜೊತೆಗೆ ಕಾಮಕಸ್ತೂರಿ ಎಲೆ ಉಜ್ಜಿದಾಗ ಬರೋ ಘಮ, ಈ ಕೊನೇದು ಸಿಕ್ಕಿದ್ರೆ ಒಳ್ಳೇ ಮಲಗುಝಿಯಾ ಅಂತ ನನ್ನ ಲೆಕ್ಕ. ಮೊಸ್ಕೊಫಿಲೆರೊಗಿಂತ ಹುಳಿ ಕಮ್ಮಿ, ಮೈ ದಪ್ಪ, ಹಾಗಾಗಿ ಎರಡೂ ಒಂದೇ ಊಟಕ್ಕಿದ್ರೆ ಮೊಸ್ಕೊಫಿಲೆರೊ ಮೊದಲು.

ಯಾವಾಗ ಹೋಗೋದು ಅಂದ್ರೆ ನನ್ನ ವೋಟು ಮೇ ತಿಂಗಳಿಗೆ. ಹಿಂದಿನ ವರ್ಷದ ವೈನ್ ಆಗಷ್ಟೇ ಬಾಟಲಿಗೆ ಬಂದಿರುತ್ತೆ, ಘಮ ಪೂರ್ತಿ ಇರುತ್ತೆ, ಬಿಸಿಲೂ ಕಮ್ಮಿ. ಮಾಂಟಿನಿಯಾದ ಕೊಯ್ಲು ನೋಡ್ಬೇಕು ಅನ್ನೋರು ಸೆಪ್ಟೆಂಬರ್ ಕೊನೆಗೆ ಹೋಗ್ಬಹುದು, ಆದ್ರೆ ಆಗ ಸಣ್ಣ ವೈನರಿಗಳಲ್ಲಿ ಎಲ್ಲರೂ ಕೆಲಸದಲ್ಲಿ ಮುಳುಗಿರ್ತಾರೆ, ಕೂತು ಮಾತಾಡೋಕೆ ಪುರುಸೊತ್ತಿರಲ್ಲ. ಯಾವಾಗ ಹೋದ್ರೂ ಮೊದಲೇ ಮೇಲ್ ಹಾಕಿ ಟೈಮ್ ತಗೊಳ್ಳಿ, ಶೆಂಗೆನ್ ವೀಸಾ ಅಪಾಯಿಂಟ್‌ಮೆಂಟೂ ಬೇಸಿಗೆ ಮುಂಚೆ ಬೇಗ ತುಂಬೋಗುತ್ತೆ.

ಊಟದ ಚಿಂತೆ ಮಾಡ್ಬೇಡಿ, ವೆಜ್ಜೋರಿಗೆ ಗ್ರೀಸ್ ಸುಲಭ. ನಿಸ್ಟಿಸಿಮೊ ಅಂತ ಕೇಳಿ, ಅವರ ಚರ್ಚಿನ ಉಪವಾಸದ ಅಡುಗೆ ಅದು, ಮಾಂಸ, ಮೊಟ್ಟೆ, ಹಾಲು ಇರಲ್ಲ, ಆದ್ರೆ ಸಿಗಡಿ, ಆಕ್ಟೋಪಸ್ ಇರ್ಬಹುದು, ಅದೊಂದು ಕೇಳ್ಕೊಳ್ಳಿ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ಡೊಲ್ಮಾಡೆಸ್, ಬೇಯಿಸಿದ ಸೊಪ್ಪಿಗೆ ನಿಂಬೆ ಹಿಂಡಿದ ಹೊರ್ತಾ, ಇವೆರಡೂ ಈ ವೈನ್‌ಗಳಿಗೆ ಹೇಳಿ ಮಾಡ್ಸಿದ ಜೋಡಿ. ತುಂಬಾ ಕಟ್ಟುನಿಟ್ಟಿನ ವೆಜ್ ಆಗಿದ್ರೆ ವೈನ್ ತಿಳಿ ಮಾಡೋಕೆ ಮೊಟ್ಟೆ ಬಿಳಿ ಅಥವಾ ಮೀನಿನ ಅಂಟು ಹಾಕಿದ್ದಾರಾ ಅಂತ ವೈನರಿಯಲ್ಲೇ ವಿಚಾರಿಸಿ. ಟವೆರ್ನಾ ಅನ್ನೋ ಸಣ್ಣ ಹೋಟೆಲುಗಳಲ್ಲಿ ಮನೆ ವೈನ್ ಕಿಲೋ ಲೆಕ್ಕದಲ್ಲಿ ಕೊಡ್ತಾರೆ, ಅರ್ಧ ಕಿಲೋ ಅಂದ್ರೆ ಇಬ್ಬರಿಗೆ ಸಾಕು, ಅಗ್ಗ, ಆದ್ರೆ ಪರಿಮಳ ಹುಡುಕೋರಿಗೆ ಅದ್ರಲ್ಲಿ ಅಷ್ಟೇನೂ ಸಿಗಲ್ಲ.

ಸಿಹಿ ಇಷ್ಟ ಇರೋರು ಸಾಮೊಸ್ ದ್ವೀಪದ ಮಸ್ಕಟ್ ಕುಡೀಲೇಬೇಕು. ದ್ವೀಪಕ್ಕೆ ಹೋಗೋಕೆ ಟೈಮಿಲ್ಲ ಅಂದ್ರೆ ಅಥೆನ್ಸಿನ ವೈನ್ ಬಾರಲ್ಲಿ ಗ್ಲಾಸ್ ಲೆಕ್ಕದಲ್ಲಿ ಕೇಳಿ ನೋಡಿ, ಬಿಸಿಲಲ್ಲಿ ಒಣಗಿಸಿದ ದ್ರಾಕ್ಷಿಯಿಂದ ಮಾಡೋ ನೆಕ್ಟಾರ್ ಅಂತೂ ಒಣದ್ರಾಕ್ಷಿ, ಜೇನು ಎಲ್ಲ ಒಟ್ಟಿಗೇ ಮೂಗಿಗೆ ಬರುತ್ತೆ.

ವಾಪಸ್ ತರೋಕೆ ಒಬ್ಬರಿಗೆ 2 ಲೀಟರ್‌ವರೆಗೆ ಡ್ಯೂಟಿ ಇಲ್ಲ. 750 ಮಿಲಿಯ ಎರಡು ಬಾಟಲಿ ಆದ್ರೆ ಒಂದೂವರೆ ಲೀಟರ್, ಮೂರನೇದು ಹಾಕಿದ್ರೆ ದಾಟೋಗುತ್ತೆ, ಹಾಗಾಗಿ ಮೊಸ್ಕೊಫಿಲೆರೊ ಒಂದು, ಮಲಗುಝಿಯಾ ಒಂದು, ಮಿಕ್ಕಿದ ಜಾಗಕ್ಕೆ ಸಾಮೊಸಿನ ಅರ್ಧ ಲೀಟರ್ ಬಾಟಲಿ ಸಿಕ್ಕಿದ್ರೆ ಸರಿಯಾಗಿ ಕೂರುತ್ತೆ. ಚೆಕ್-ಇನ್ ಬ್ಯಾಗಲ್ಲಿ ಬಟ್ಟೆ ಮಧ್ಯೆ ಸುತ್ತಿಡಿ, ಮನೆಗೆ ಬಂದ ಕೂಡ್ಲೇ ಫ್ರಿಜ್ಜಿಗೆ ಹಾಕಿ, ಅದ್ರಲ್ಲೂ ಮಂಗಳೂರು, ರಾಯಚೂರು ಕಡೆಯೋರು. ಸಿಹಿ ಇಲ್ಲದ ಆ ಎರಡನ್ನೂ ಯಾರೋ ಬರ್ಲಿ ಅಂತ ಕಾಯದೆ ವರ್ಷದೊಳಗೆ ತೆಗೀರಿ, ಕೊತ್ತಂಬರಿ ಹಾಕಿದ ಹಸಿರು ಪಲಾವ್ ಜೊತೆ ಬಹಳ ಚೆನ್ನಾಗಿರುತ್ತೆ.