ಅಜ್ಜಿ, ಮೊಮ್ಮಗಳು ಒಟ್ಟಿಗೆ ಹಾಡಬೇಕಾದರೆ ಶ್ರುತಿ ಎಲ್ಲಿರಬೇಕು?

ಏಪ್ರಿಲ್ ಬಂತೆಂದರೆ ದಾವಣಗೆರೆಯ ಬಡಾವಣೆಗಳಲ್ಲಿ ಸಂಗೀತ ಶಿಬಿರಗಳು ಶುರು. ಮಕ್ಕಳನ್ನು ಬಿಡಲು ಬಂದ ತಾಯಂದಿರು, ಅಜ್ಜಿಯರು ಹಿಂದಿನ ಸಾಲಿನಲ್ಲಿ ಕೂತು ತುಟಿ ಆಡಿಸುತ್ತಿರುತ್ತಾರೆ. ಅವರನ್ನೂ ಮುಂದಕ್ಕೆ ಕರೆದು ಕೂರಿಸಿಕೊಳ್ಳಬೇಕು ಅನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಶಿಬಿರ ಮುಗಿದ ಮೇಲೂ ಹಾಡು ಮನೆಯಲ್ಲಿ ಉಳಿಯುವುದು ಇಬ್ಬರಿಗೂ ಅದು ಬಾಯಿಗೆ ಬಂದಾಗ ಮಾತ್ರ. ಆದರೆ ಹೀಗೆ ಎಲ್ಲ ವಯಸ್ಸಿನವರನ್ನು ಕೂಡಿಸಿದ ಶಿಬಿರ ಎಡವುವುದು ಹೆಚ್ಚಾಗಿ ಒಂದೇ ಕಡೆ: ಹೇಳಿಕೊಡುವವರು ತಮ್ಮ ಗಂಟಲಿಗೆ ಹೊಂದುವ ಶ್ರುತಿ (ಹಾಡಿನ ‘ಸ’ ನಿಲ್ಲುವ ಮಟ್ಟ) ಹಿಡಿದುಬಿಡುತ್ತಾರೆ.

ಪೇಟಿಯ (ಹಾರ್ಮೋನಿಯಂ) ಪ್ರತಿ ಸಪ್ತಕದಲ್ಲೂ, ಅಂದರೆ ಏಳು ಸ್ವರಗಳ ಸುತ್ತಿನಲ್ಲೂ, ಬಿಳಿ ಮನೆ, ಕರಿ ಮನೆಗಳನ್ನು 1, 2 ಎಂದು ಎಣಿಸಿ ಶ್ರುತಿ ಹೇಳುತ್ತಾರೆ. ಗಂಡಸರಿಗೆ ಬಿಳಿ 1 ಅಥವಾ ಕರಿ 1 ಹಾಯಾಗಿರುತ್ತದೆ. ಅದೇ ಷಡ್ಜಕ್ಕೆ (ಸ) ಎಂಟು ವರ್ಷದ ಮಗು ಒಂದು ಸಪ್ತಕ ಮೇಲೆ ಸೇರಿಕೊಂಡಿತೆನ್ನಿ. ಹಾಡು ತಾರ ಗಾಂಧಾರ (ಮೇಲಿನ ಸಪ್ತಕದ ಗ) ಮುಟ್ಟಿದ ಕೂಡಲೇ ಕಿರುಚುತ್ತದೆ. ಗುರುಗಳ ದನಿಯನ್ನೇ ಅನುಕರಿಸಲು ಕೆಳಗಿಳಿದರೆ ಗಂಟಲು ಒತ್ತಿ ಗೊಗ್ಗರು ದನಿ ತೆಗೆಯುತ್ತದೆ. ಆಗ "ಈ ಮಗುವಿಗೆ ಶ್ರುತಿ ಜ್ಞಾನ ಇಲ್ಲ" ಎಂದುಬಿಡುತ್ತಾರೆ. ಅದು ಅನ್ಯಾಯ. ಮಗುವಿನ ಕಿವಿ ಸರಿಯಾಗಿಯೇ ಇರುತ್ತದೆ, ಆ ಸ್ವರ ಅದರ ಗಂಟಲಲ್ಲಿ ಇರುವುದಿಲ್ಲ, ಅಷ್ಟೇ.

ಏಳರಿಂದ ಹನ್ನೊಂದು ವರ್ಷದ ಮಕ್ಕಳಿಗೂ ಅಭ್ಯಾಸವಿಲ್ಲದ ಹೆಂಗಸರಿಗೂ ಸಾಮಾನ್ಯವಾಗಿ ಕಷ್ಟವಿಲ್ಲದೆ ಎಟಕುವುದು ಬಿಳಿ 6ರಿಂದ ಮೇಲಕ್ಕೆ ಹತ್ತು ಬಿಳಿ ಮನೆ. ಅಭ್ಯಾಸವಿಲ್ಲದ ಗಂಡಸರಿಗೆ ಸರಿಯಾಗಿ ಅದರ ಕೆಳಗಿನ ಸಪ್ತಕದ ಅಷ್ಟೇ ಮನೆಗಳು. ಹಾಡನ್ನು ಈ ಹತ್ತು ಮನೆಯೊಳಗೆ ಕೂರಿಸಿ ನೋಡಿ. ಷಡ್ಜದಿಂದ ತಾರ ಷಡ್ಜದವರೆಗೆ ಹೋಗುವ ಹಾಡಾದರೆ ಬಿಳಿ 6 ಅಥವಾ ಕರಿ 5ಕ್ಕೆ ಷಡ್ಜ ಇಡಿ. ಮಂದ್ರ ಪಂಚಮಕ್ಕೆ (ಕೆಳಗಿನ ಸಪ್ತಕದ ಪ) ಇಳಿದು ಮಧ್ಯ ಸಪ್ತಕದ ಧೈವತದಲ್ಲಿ (ಧ) ನಿಲ್ಲುವ ಹಾಡಿಗೆ ಬಿಳಿ 2 ಸರಿ. ಮಂದ್ರ ಪಂಚಮದಿಂದ ತಾರ ಷಡ್ಜದವರೆಗೂ ಓಡಾಡುವ ಹಾಡು ಹನ್ನೊಂದು ಸ್ವರ ಬೇಡುತ್ತದೆ, ಹಿಡಿಸುವುದಿಲ್ಲ. ಎಷ್ಟೇ ಚೆಂದವಿದ್ದರೂ ಅದನ್ನು ಗುಂಪಿಗೆ ಕೊಡಬೇಡಿ.

ಗಂಡಸರು ಹೇಳಿಕೊಡುವಾಗ ಇನ್ನೊಂದು ಎಚ್ಚರ ಬೇಕು. ಮಕ್ಕಳಿಗೆ ಮೊದಲ ಸಲ ಸಾಲನ್ನು ಹಾಡಿ ತೋರಿಸುವುದು ಹೆಣ್ಣು ದನಿಯಾಗಿರಲಿ, ಇಲ್ಲವೇ ಪೇಟಿಯ ಮೇಲಿನ ಸಪ್ತಕದಲ್ಲಿ ನುಡಿಸಿ ತೋರಿಸಿ. ಹನ್ನೆರಡರಿಂದ ಹದಿನಾಲ್ಕರ ಹುಡುಗರ ದನಿ ಒಡೆಯುತ್ತಿರುತ್ತದೆ. ಅವರಿಗೆ ನಾಲ್ಕೈದು ಸ್ವರದ ಸಾಲುಗಳನ್ನಷ್ಟೇ ಕೊಟ್ಟು ತಾಳದ ಹೊಣೆ ವಹಿಸಿ, ಹೊರಗೆ ಮಾತ್ರ ಕೂರಿಸಬೇಡಿ. ಆ ವಯಸ್ಸಿನಲ್ಲಿ ಹಾಡು ಬಿಟ್ಟವರು ಮತ್ತೆ ಬರುವುದು ಅಪರೂಪ.

ನಮ್ಮ ಊರಿಗೆ ಎರಡೂ ಕಡೆಯ ಸಂಗೀತ ಬಂದು ಸೇರಿದೆ. ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳ ಗದುಗಿನ ಪುಣ್ಯಾಶ್ರಮದಿಂದ ಹಿಂದೂಸ್ತಾನಿ, ಮೈಸೂರು ಕಡೆಯಿಂದ ಕರ್ನಾಟಕ ಸಂಗೀತ. ಯಾವುದರಿಂದ ಶುರುಮಾಡುವುದು ಎಂಬ ಜಗ್ಗಾಟ ಹತ್ತು ದಿನದ ಶಿಬಿರಕ್ಕೆ ಬೇಡ. ಹಿಂದೂಸ್ತಾನಿಯವರು ಭೂಪ ಅನ್ನುವ, ಕರ್ನಾಟಕ ಸಂಗೀತದವರು ಮೋಹನ ಅನ್ನುವ ರಾಗದ ಸ್ವರಗಳು ಒಂದೇ: ಸ ರಿ ಗ ಪ ಧ. ಅಕ್ಕಪಕ್ಕದ ಮನೆಯ ಅರ್ಧ ಸ್ವರದ ಅಂತರ ಇದರಲ್ಲಿ ಎಲ್ಲಿಯೂ ಬರುವುದಿಲ್ಲ, ಆದ್ದರಿಂದ ಹೊಸಬರು ತುಸು ಜಾರಿದರೂ ಕಿವಿಗೆ ಚುಚ್ಚುವುದಿಲ್ಲ. ಕರ್ನಾಟಕ ಸಂಗೀತದ ಪಾಠ ಶುರುವಾಗುವ ಮಾಯಾಮಾಳವಗೌಳ ರಾಗದಲ್ಲಿ ಸ–ರಿ, ಗ–ಮ, ಪ–ಧ, ನಿ–ಸ ನಾಲ್ಕೂ ಕಡೆ ಆ ಇಕ್ಕಟ್ಟು ಇದೆ. ವರ್ಷಗಟ್ಟಲೆ ಕಲಿಯುವವರಿಗೆ ಸರಳೆ ವರಸೆಯನ್ನು (ಮೊದಲ ಸ್ವರಪಾಠ) ಅದರಲ್ಲೇ ಹಾಕಿಸುವುದು ಸರಿ, ಹತ್ತು ದಿನಕ್ಕೆ ಬಂದವರಿಗೆ ಅಲ್ಲ.

ಪಾಠಕ್ಕೆ ಮುಂಚೆ ಐದು ನಿಮಿಷ ಶ್ರುತಿಗೆ ಕೊಡಿ. ಪೇಟಿಯ ರೀಡನ್ನು ಅಲ್ಲಿ ಕೂತು ತಿದ್ದಲಾಗದು, ಹಾಗಾಗಿ ಎಲೆಕ್ಟ್ರಾನಿಕ್ ತಂಬೂರಿಯನ್ನೇ ಪೇಟಿಗೆ ಸೇರಿಸಬೇಕು. ಪೇಟಿಯ ಷಡ್ಜದ ಮನೆ ಒತ್ತಿ ಹಿಡಿದು ತಂಬೂರಿಯ ಫೈನ್ ಟ್ಯೂನ್ ಗುಂಡಿಯನ್ನು ಮೆಲ್ಲಗೆ ತಿರುಗಿಸಿ. ಎರಡೂ ಕೂಡದಿದ್ದರೆ "ವೋಂ ವೋಂ" ಎಂದು ನಾದ ತೂಗಾಡುವುದು ಕೇಳುತ್ತದೆ. ಹತ್ತಿರ ಬಂದಂತೆ ತೂಗಾಟ ನಿಧಾನವಾಗುತ್ತದೆ, ನಿಂತಾಗ ಶ್ರುತಿ ಸೇರಿತು. ಇದನ್ನು ಮಕ್ಕಳ ಎದುರೇ ಮಾಡಿ, ಅವರಲ್ಲೊಬ್ಬರ ಕೈಗೇ ಗುಂಡಿ ಕೊಡಿ. ಶ್ರುತಿ ಸೇರುವುದು ಎಂದರೇನು ಎಂದು ಬಾಯಲ್ಲಿ ವಿವರಿಸುವುದಕ್ಕಿಂತ ಇದು ಬೇಗ ತಲೆಗೆ ಹತ್ತುತ್ತದೆ. ಮೊಬೈಲ್ ಆ್ಯಪ್ ಬಳಸುವುದಾದರೆ ಹೊರಗೆ ಸ್ಪೀಕರ್ ಬೇಕೇ ಬೇಕು. ಮೊಬೈಲಿನ ಪುಟ್ಟ ಸ್ಪೀಕರ್ ಮಂದ್ರದ ನಾದವನ್ನು ಹೊರಡಿಸುವುದಿಲ್ಲ.

ಸಾಲು ಹೇಳಿಕೊಡುವಾಗ ಎಂಟು ಮಾತ್ರೆಗಿಂತ (ತಾಳದ ಎಣಿಕೆ) ಉದ್ದದ ತುಂಡು ಬೇಡ. ನೀವು ಎರಡು ಸಲ ಹಾಡಿ, ಅವರಿಂದ ಎರಡು ಸಲ ಹಾಡಿಸಿ. ಅವರು ಹಾಡುವಾಗ ನೀವು ಸುಮ್ಮನಿರಬೇಕು. ನೀವೂ ದನಿಗೂಡಿಸಿದರೆ ಯಾರು ತಪ್ಪುತ್ತಿದ್ದಾರೆ ಅನ್ನುವುದು ನಿಮಗೇ ಕೇಳುವುದಿಲ್ಲ. ದೊಡ್ಡವರು ಮೊದಲ ದಿನವೇ ಮೊಬೈಲ್ ತೆಗೆದು ರೆಕಾರ್ಡ್ ಮಾಡಲು ಹೊರಡುತ್ತಾರೆ; ಹಾಡು ಬಾಯಿಪಾಠ ಆದ ಮೇಲೆ ಮಾಡಿಕೊಳ್ಳಲಿ. ಮೂರನೇ ದಿನದಿಂದ ಪಾಠವನ್ನು ಚರಣದಿಂದ ಶುರುಮಾಡಿ. ದಿನವೂ ಪಲ್ಲವಿಯಿಂದ ಹೊರಟರೆ ಪಲ್ಲವಿ ಮಾತ್ರ ಗಟ್ಟಿಯಾಗಿ ಕೊನೆಯ ಚರಣ ಗುನುಗಾಟದಲ್ಲೇ ಉಳಿಯುತ್ತದೆ.

ಎಲ್ಲ ವಯಸ್ಸಿನವರ ಗುಂಪಿಗೆ ಸೋಬಾನೆ ಪದಗಳಷ್ಟು ಹೊಂದುವುದು ಬೇರೊಂದಿಲ್ಲ. ಒಬ್ಬರು ಮುಂದೆ ಹೇಳುತ್ತಾರೆ, ಉಳಿದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಸೊಲ್ಲಿನ ಧಾಟಿ ಸಾಮಾನ್ಯವಾಗಿ ಕೆಲವೇ ಸ್ವರಗಳಲ್ಲಿ ಮುಗಿಯುವುದರಿಂದ ಮಕ್ಕಳಿಗೂ ಗಂಡಸರಿಗೂ ಸಲೀಸು. ಮುಂದೆ ಹೇಳುವ ಜಾಗ ಅಜ್ಜಿಯರದ್ದು. ಓದುಬರಹವಿಲ್ಲದ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡಿದ್ದು ಪಕ್ಕದ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯಲ್ಲೇ. ಇಂಥ ನೆಲದಲ್ಲಿ ಶಿಬಿರ ನಡೆಸಿ ಸಿನಿಮಾ ಹಾಡಷ್ಟೇ ಕಲಿಸಿದರೆ ಮನಸ್ಸಿಗೆ ನೋವಾಗುತ್ತದೆ. ಅಜ್ಜಿಗೆ ಶ್ರುತಿ ಕೊಟ್ಟು ಹಾಡಿ ಎನ್ನಬೇಡಿ. ಅವರು ತಮ್ಮ ಪಾಡಿಗೆ ಹಾಡಲಿ, ಅವರ ಸ್ವರ ಎಲ್ಲಿದೆ ಎಂದು ಪೇಟಿಯಲ್ಲಿ ಹುಡುಕಿಕೊಳ್ಳುವುದು ನಿಮ್ಮ ಕೆಲಸ.

ವಚನ ಕಲಿಸುವಾಗ ಕಷ್ಟ ಬೇರೆ. ಸಾಲುಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ, ತಾಳಕ್ಕೆ ಹೊಂದಿಸಲು ಎಳೆದಾಗ ಪದ ನಡುವೆ ತುಂಡಾಗುತ್ತದೆ. "ಕೂಡಲಸಂಗಮದೇವ" ಅನ್ನುವುದನ್ನು "ಕೂಡಲಸಂ" ಎಂದು ನಿಲ್ಲಿಸಿ ಉಸಿರೆಳೆದುಕೊಳ್ಳುವ ಮಕ್ಕಳನ್ನು ಎಲ್ಲ ಶಿಬಿರಗಳಲ್ಲೂ ಕಾಣಬಹುದು. ಹಾಡುವ ಮುಂಚೆ ಮೂರು ಸಲ ಗಟ್ಟಿಯಾಗಿ ಓದಿಸಿ, ಉಸಿರು ಎಲ್ಲಿ ಎಂದು ಗುರುತು ಹಾಕಿಸಿ.

ಜಾಗದ ಮಾತು. ಸಮುದಾಯ ಭವನಗಳಿಗೆ ಗ್ರಾನೈಟ್ ನೆಲ, ಬೋಳು ಗೋಡೆ. ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಸದ್ದು ಹಿಂದಿರುಗಿ ಬಂದರೆ ಅಲ್ಲಿ ಲಯ ನಿಲ್ಲುವುದಿಲ್ಲ. ಜಮಖಾನ ಹಾಸಿ, ಪರದೆ ಎಳೆದು, ಎಲ್ಲರನ್ನೂ ಹತ್ತಿರಕ್ಕೆ ಅರ್ಧ ಸುತ್ತಾಗಿ ಕೂರಿಸಿ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತು ಒಳ್ಳೆಯ ಹೊತ್ತು. ಆಮೇಲೆ ಫ್ಯಾನ್ ಜೋರು ಮಾಡಬೇಕಾಗುತ್ತದೆ, ತಂಬೂರಿ ಕೇಳುವುದಿಲ್ಲ.

ಕೊನೆಯ ದಿನದ ಕಾರ್ಯಕ್ರಮಕ್ಕೆ "ಇನ್ನೂ ಕಳೆಗಟ್ಟಲಿ" ಎಂದು ಶ್ರುತಿ ಏರಿಸಬೇಡಿ. ಇಪ್ಪತ್ತೈದು ಜನಕ್ಕೆ ಸ್ಟ್ಯಾಂಡಿನ ಮೇಲೆ ಎರಡು ಮೈಕ್ ಸಾಕು, ಮೊದಲ ಸಾಲಿನಿಂದ ಒಂದು ಮೀಟರ್ ದೂರದಲ್ಲಿ, ಮಕ್ಕಳ ತಲೆಗಿಂತ ತುಸು ಎತ್ತರಕ್ಕೆ. ಹಾಡುವವರ ಕಡೆ ತಿರುಗಿಸಿದ ಒಂದು ಸ್ಪೀಕರಿನಲ್ಲಿ ಪೇಟಿ, ತಂಬೂರಿ ಮಾತ್ರ ಬರಲಿ. ಮೈಕ್‌ಸೆಟ್‌ನವರಿಗೆ ಮೊದಲೇ ಹೇಳಿ ಎಕೋ ಪೂರ್ತಿ ತೆಗೆಸಿ, ಹಾಡು ಶುರುವಾಗುವ ಮುನ್ನ ಇನ್ನೊಮ್ಮೆ ನೋಡಿಕೊಳ್ಳಿ.